ಖಣ ಹೊಲಿಸಿದ ಸೊಸೆ

ದೀಪಾವಳಿಗೆ ನಮ್ಮ ಸೊಸೆ ಒಂದು ಜಂಪರು ಹೊಲಿಸಿಕೊಂಡಳು. ಇದರಲ್ಲಿ ಬರೆಯುವಂಥದ್ದೇನಿದೆ ಎನ್ನುವವರು ಗಡಹಿಂಗ್ಲಜದ ಹೆಣ್ಣುಮಗಳ ಕೈಕೆಳಗೆ ಸೊಸೆತನ ಮಾಡಿದವರಲ್ಲ. ನಮ್ಮತ್ತೆ ಇನ್ನೂ ಆ ಮಾತು ಬಿಟ್ಟಿಲ್ಲ. ಚಹಾ ಕುಡಿಯುತ್ತಿದ್ದವರು ನಡುವೆಯೇ ಬಸಿ ಕೆಳಗಿಟ್ಟು, "ಖಣಾ ಹೊಲಿಸಿದ್ಲಲ್ಲs!" ಎಂದು ಗೋಡೆಗೆ ಹೇಳುತ್ತಾರೆ. ನಾನು ಅಡಿಗೆಮನೆಗೆ ಓಡಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತೇನೆ.

ನಮ್ಮದು ಇಚಲಕರಂಜಿಯ ಕನ್ನಡ ಮನೆ. ಅಂದರೆ ಹಬ್ಬದ ಖರ್ಚು ಎರಡು ಪಟ್ಟು. ಕನ್ನಡದವರೆಂದು ಪಂಚಮಿಗೆ ಶೇಂಗಾ, ಎಳ್ಳು, ರವೆ, ಅಳ್ಳಿಟ್ಟು ಎಂದು ತರತರದ ಉಂಡಿ ಕಟ್ಟಬೇಕು. ಮರಾಠಿ ಓಣಿಯಲ್ಲಿರುವವರೆಂದು ದೀಪಾವಳಿಗೆ ಚಕಲಿ, ಚಿವಡಾ, ಕರಂಜಿ, ಶಂಕರಪಾಳಿಯ ಫರಾಳವನ್ನು ಡಬ್ಬಿಗಟ್ಟಲೆ ಹಂಚಬೇಕು. ಒಂದನ್ನಾದರೂ ಬಿಡೋಣವೆಂದರೆ ನೆರೆಯವರು ಬಾಗಿಲಿಗೆ ಬಂದು ದನಿ ತಗ್ಗಿಸಿ, "ಯಾಕ್ರೀ, ಮನ್ಯಾಗ ಯಾರರ ತೀರಿಕೊಂಡ್ರೇನು?" ಎಂದು ಕೇಳುತ್ತಾರೆ. ಸೋವಿಯ ಹಬ್ಬವೆಂದರೆ ದಸರೆಯೊಂದೇ. ಬನ್ನಿಯೋ ಆಪಟಾವೋ, ಒಂದು ಎಲೆ ಕೈಗಿಟ್ಟು "ಬಂಗಾರ ತಗೊಂಡು ಬಂಗಾರದಂಗ ಇರೂಣು" ಎಂದರೆ ಮುಗಿಯಿತು. 2025ರಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ದಾಟಿದ ಮೇಲೆ, ಕೊಲ್ಹಾಪುರದ ಗುಜರಿಯ ಸರಾಫ ಅಂಗಡಿಗಳ ಮುಂದೆ ನಡೆದುಹೋಗುವಾಗ ಕನ್ನಡಕ ತೆಗೆದು ಕಿಸೆಗಿಟ್ಟುಕೊಳ್ಳುವ ನನ್ನ ಗಂಡನಿಗೆ ಆ ಎಲೆಯ ಮೇಲೆ ವಿಪರೀತ ಭಕ್ತಿ ಹುಟ್ಟಿದೆ.

ಮಿಕ್ಕ ಹಬ್ಬಗಳಿಗೆಲ್ಲ ಉಡಿ ತುಂಬಬೇಕು. ಅಕ್ಕಿ, ಕಾಯಿ, ಅಡಕಿ, ಉತ್ತತ್ತಿ, ಅರಿಷಿಣಬೇರು, ಮೇಲೊಂದು ಖಣ, ಅಂದರೆ ಜಂಪರಿನ ಅರಿವೆ. ನಮ್ಮತ್ತೆಯ ಸಾಲವಿಲ್ಲದ ಸಂಸಾರದ ಗುಟ್ಟು ಇರುವುದು ಈ ಖಣದಲ್ಲಿ. ಗುಳೇದಗುಡ್ಡದ್ದು, ಹಸಿರು ಮೈ, ಕೆಂಪು ದಡಿ, ತ್ರಿಕೋನವಾಗಿ ಮಡಚಿದ್ದು. ಎಂದು ಕೊಂಡದ್ದೋ ದೇವರಿಗೇ ಗೊತ್ತು. ಮಡಿಕೆಯ ಮೇಲೆ ಬಣ್ಣ ಹಾರಿ ಬಿಳಿಗೆರೆ ಬಿದ್ದಿದೆ, ಬಿಚ್ಚಿ ನೋಡಿದವರು ಯಾರೂ ಇಲ್ಲ. ಪಂಚಮಿಗೆ ತವರಿಗೆ ಬಂದ ಮಗಳಿಗೆ, ಅಂದರೆ ಕೊಲ್ಹಾಪುರದ ನನ್ನ ನಾದಿನಿಗೆ, ಅತ್ತೆ ಅದನ್ನು ಉಡಿಗೆ ಹಾಕುತ್ತಾರೆ. ಶ್ರಾವಣ ಶುಕ್ರವಾರ ಅಂಬಾಬಾಯಿಯ ದರ್ಶನಕ್ಕೆಂದು ಗಡಹಿಂಗ್ಲಜದ ಚಿಕ್ಕತ್ತೆ, ಅಂದರೆ ಅತ್ತೆಯ ತಂಗಿ, ಕೊಲ್ಹಾಪುರಕ್ಕೆ ಹೋದಾಗ ನಾದಿನಿ ಅದನ್ನು ಅವರ ಉಡಿಗೆ ಹಾಕುತ್ತಾಳೆ. ಗೌರಿ ಹಬ್ಬಕ್ಕೆ ಚಿಕ್ಕತ್ತೆ ನಮ್ಮಲ್ಲಿಗೆ ಬಂದು ನನ್ನ ಉಡಿಗೆ ಹಾಕುತ್ತಾರೆ. ಅಲ್ಲಿಂದ ಅದು ನೇರ ಅತ್ತೆಯ ಟ್ರಂಕಿಗೆ. ರಿಸರ್ವ್ ಬ್ಯಾಂಕಿನವರು ನೋಟಿಗೆ ಆಧಾರವಾಗಿ ಚಿನ್ನವನ್ನೋ ಸಾಲಪತ್ರವನ್ನೋ ಇಡುತ್ತಾರಂತೆ. ನಮ್ಮ ಮೂರೂರಿನ ಚಲಾವಣೆಗೆ ಅಂಥದ್ದೇನೂ ಬೇಕಿಲ್ಲ, ಯಾರೂ ಹೊಲಿಸಬಾರದು, ಅಷ್ಟೇ. ಸಾಗಾಟದ ಖರ್ಚೂ ಹೆಚ್ಚಿಲ್ಲ. 75 ದಾಟಿದವರಿಗೆ ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ 2022ರಿಂದ ಟಿಕೀಟಿಲ್ಲ, 2023ರಿಂದ ಹೆಂಗಸರಿಗೆಲ್ಲ ಅರ್ಧ ಟಿಕೀಟು.

ಇದನ್ನು ನಮ್ಮ ಸೊಸೆಗೆ, ಮೈಸೂರಿನ ಹುಡುಗಿಗೆ, ಯಾರು ಹೇಳಬೇಕಿತ್ತು? ಮದುವೆಯಾದ ಮೊದಲ ದೀಪಾವಳಿ ತವರಲ್ಲಿ ಕಳೆದವಳು, ಎರಡನೆಯದಕ್ಕೆ ನಮ್ಮಲ್ಲಿದ್ದಳು. ಗೌರಿಗೆ ಚಿಕ್ಕತ್ತೆ ನನ್ನನ್ನು ಬಿಟ್ಟು ಹೊಸಬಳೆಂದು ಅವಳ ಉಡಿ ತುಂಬಿದ್ದರು. ಉಡಿಗೆ ಬಿದ್ದದ್ದು ತನ್ನದೆಂದು ತಿಳಿದುಕೊಂಡಳು, ಪಾಪ.

ಅದಕ್ಕೂ ಮೊದಲೇ ಮನೆಯಲ್ಲಿ ಇನ್ನೊಂದು ಯುದ್ಧ ನಡೆದಿತ್ತು. ಪಾಡವಕ್ಕೆ ದೊಡ್ಡ ಟೀವಿ ತರುವುದಾಗಿ ಮಗ ಹೊರಟಿದ್ದ. ಬಡ್ಡಿಯಿಲ್ಲದ ಕಂತು, ಮೇಲೆ ವರ್ಷದ ಸಾಡೇತೀನ ಮುಹೂರ್ತಗಳಲ್ಲಿ ಒಂದು ಎಂದು ಅಜ್ಜಿಗೆ ಪಂಚಾಂಗ ಓದಿದ. ಗುಡಿಪಾಡವ, ಅಕ್ಷಯತೃತೀಯ, ದಸರೆ ಪೂರಾ, ದೀಪಾವಳಿ ಪಾಡವ ಅರ್ಧ ಎಂದು ಅಜ್ಜಿಗೆ ತಿಳಿಯದ್ದೇ? "ಮುಹೂರ್ತ ಅರ್ಧಾ, ಸಾಲ ಪೂರ್ತಿ ಏನೋ?" ಎಂದರು. "ಬಡ್ಡಿ ಇಲ್ಲಜ್ಜಿ." "ಬಡ್ಡಿ ಇಲ್ಲದ ಸಾಲ ಕೊಡಾಂವ ಒಂದs ನಿಮ್ಮಜ್ಜ ಆಗಿರಬೇಕು, ಇಲ್ಲಾ ಬಡ್ಡಿ ಬ್ಯಾರೆ ಕಡೆ ಹಚ್ಚಿರಬೇಕು." ಮಗ ಅರ್ಜಿಯ ಕೆಳಗಿನ ಸಣ್ಣಕ್ಷರ ಓದಿದ. ಪ್ರೊಸೆಸಿಂಗ್ ಫೀಯೆಂದು ಒಂದು ಕಲಮು ಕೂತಿತ್ತು. ಟೀವಿ ಬರಲಿಲ್ಲ. ಅಜ್ಜಿ ಗೆದ್ದ ಹುರುಪಿನಲ್ಲಿ ಭಿಶಿ ಚೀಟಿಯ ದುಡ್ಡು ಎಣಿಸಿ, ಎಣ್ಣೆಗಿಷ್ಟು, ಬೆಲ್ಲಕ್ಕಿಷ್ಟು, ಮೊಮ್ಮಕ್ಕಳ ಪಟಾಕಿಗೆ ಇಷ್ಟೇ ಎಂದು ಗಂಟು ಕಟ್ಟಿದರು. ಅರಿವೆಯ ಗಂಟು ಖಾಲಿ. ಅದಕ್ಕೆ ಟ್ರಂಕಿದೆಯಲ್ಲ.

ಭಾವಬೀಜದ ದಿನ ನಾದಿನಿ ಬಂದಳು, ಚಿಕ್ಕತ್ತೆಯೂ ಬಂದರು. ಆರತಿ ಮುಗಿಯಿತು, ನನ್ನ ಗಂಡ ತಟ್ಟೆಗೆ ಲಕೋಟೆ ಹಾಕಿದರು. ಇನ್ನು ಮಗಳ ಉಡಿ ತುಂಬಬೇಕು. ಅತ್ತೆ ಟ್ರಂಕು ತೆಗೆದರು. ಮೇಲಿನ ರುಮಾಲು, ಕೆಳಗಿನ ಕೌದಿ, ಅದರ ಕೆಳಗಿನ ಹಳೆ ಪಾಸ್‌ಬುಕ್ಕು ಎಲ್ಲ ಹೊರಬಂದವು. ಖಣ ಇಲ್ಲ. ಅಷ್ಟರಲ್ಲಿ ಸೊಸೆ ಫರಾಳದ ತಟ್ಟೆ ಹಿಡಿದು ಬಂದು, ಬಾಗಿ ಎಲ್ಲರ ಮುಂದೆ ಇಟ್ಟು, ಬೆನ್ನು ತಿರುಗಿಸಿದಳು.

ಹಸಿರು ಜಂಪರು, ಕೆಂಪು ದಡಿ ತೋಳಿಗೆ. ಬೆನ್ನ ತುಂಬ ಸ್ವಚ್ಛವಾದ ಬಿಳಿಗೆರೆಯ ತ್ರಿಕೋನ. ಟೇಲರು ಎಷ್ಟು ಇಸ್ತ್ರಿ ಹೊಡೆದಿದ್ದನೋ, ವರ್ಷಗಳ ಮಡಿಕೆ ಹೋಗಿರಲಿಲ್ಲ.

ನಾದಿನಿ ಚಕಲಿ ಕಡಿಯುವುದನ್ನು ನಿಲ್ಲಿಸಿದಳು. "ಇದು ನಾ ಮಾವಶಿಗೆ ಕೊಟ್ಟದ್ದಲ್ಲ?" ಚಿಕ್ಕತ್ತೆ, "ನೀ ಎಲ್ಲಿಂದ ಕೊಡತಿ? ಇದು ನನ್ನ ಖಣ, ನಾನs ಗೌರಿಗೆ ತಂದದ್ದು" ಎಂದರು. ಅತ್ತೆ ಟ್ರಂಕಿನೊಳಗೆ ತಲೆಯಿಟ್ಟುಕೊಂಡೇ, "ನನ್ನ ಖಣ!" ಎಂದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೂವರೂ ತಾನೊಬ್ಬಳೇ ದಾಟಿಸುತ್ತಿದ್ದೇನೆ, ಮಿಕ್ಕವರು ಅಂಗಡಿಯಿಂದ ತರುತ್ತಿದ್ದಾರೆ ಎಂದುಕೊಂಡಿದ್ದರು! ಇಷ್ಟು ವರ್ಷ "ಅಯ್ಯs, ಯಾಕ ಖರ್ಚು ಮಾಡಾಕ ಹೋದಿ?" ಎಂದು ಒಬ್ಬರಿಗೊಬ್ಬರು ಉಪಚಾರ ಹೇಳಿದ್ದೇ ಹೇಳಿದ್ದು.

ಸೊಸೆ ಹೆದರಿ, "ಹೊಲಿಸೋಕೆ 450 ರೂಪಾಯಿ ಕೊಟ್ಟೆ ಅಜ್ಜಿ, ಲೈನಿಂಗ್ ಹಾಕ್ಸಿದೀನಿ, ಚೆನ್ನಾಗಿಲ್ವಾ?" ಎಂದಳು. ಹೀಗೆ ಸಾಂತ್ವನ ಹೇಳುವುದನ್ನು ಮೈಸೂರಿನಲ್ಲಿ ಎಲ್ಲಿ ಕಲಿಸುತ್ತಾರೋ! "ನಾಕನೂರಾ ಐವತ್ತು!" ಎಂದು ಅತ್ತೆ ಎದೆ ಹಿಡಿದುಕೊಂಡರು. "ಅಷ್ಟರಾಗ ಇಂಥವು ನಾಕು ಬರತಿದ್ದೂವು. ನಾಕು ಮನೀಗೆ ಜೀವಮಾನ ಸಾಲತಿತ್ತು."

ಇದು ನಡೆದದ್ದು ಯಾವೂರಲ್ಲಿ? 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಕೂತು, ಈಗ ಹಗಲುರಾತ್ರಿ ಲಕ್ಷದ ಲೆಕ್ಕದಲ್ಲಿ ಮಗ್ಗಗಳು ಖಟಖಟ ಎನ್ನುವ ಇಚಲಕರಂಜಿಯಲ್ಲಿ. ನಮ್ಮ ಮನೆಯ ಹಿಂಗೋಡೆಗೇ ಕಾರ್ಖಾನೆ. ನಾವು ಖಣಕ್ಕಾಗಿ ಅಳುತ್ತಿದ್ದ ಅಷ್ಟು ಹೊತ್ತಿನಲ್ಲಿ ಅಲ್ಲಿ ಎಷ್ಟು ಮೀಟರು ಅರಿವೆ ಇಳಿದಿತ್ತೋ.

ಆ ಗೋಡೆಯಾಚೆಯ ಸದ್ದಿಗೇ ಅತ್ತೆ ಸ್ವಲ್ಪ ಮೆತ್ತಗಾದರು. ಮಾವನವರು ಮಗ್ಗದ ಕೆಲಸಗಾರರಾಗಿದ್ದರು. ವಾರದ ಪಗಾರ, ದೀಪಾವಳಿಗೆ ಬೋನಸ್ಸು. ಬೋನಸ್ಸು ಕಿರಾಣಿ ಉದ್ರಿಗೆ ಹೋಗಿ, ಹಬ್ಬಕ್ಕೆ ಮಾಲಕನ ಹತ್ತಿರ ಉಚಲ, ಅಂದರೆ ಮುಂಗಡ, ಎತ್ತಬೇಕಿತ್ತು, ಅದು ವಾರವಾರ ಕಡಿದು ತೀರುವಷ್ಟರಲ್ಲಿ ಪಂಚಮಿ. ಒಂದು ವರ್ಷ ಗಡಹಿಂಗ್ಲಜದಿಂದ ತಂಗಿ ಬಂದಾಗ ಉಡಿಗೆ ಹಾಕಲು ಏನೂ ಇರಲಿಲ್ಲವಂತೆ. ತಮ್ಮ ಸೀಮಂತದಲ್ಲಿ ಬಂದ ಖಣವೊಂದನ್ನು ಹೊಲಿಸದೆ ಇಟ್ಟಿದ್ದರು, ಅದನ್ನೇ ಹಾಕಿದರು. ಮುಂದಿನ ವರ್ಷದಿಂದ ಉಚಲ ಎತ್ತುವುದು ನಿಂತಿತು. ಇದನ್ನು ಹೇಳುವಾಗ ಸೊಸೆಯ ಬೆನ್ನ ತ್ರಿಕೋನದ ಮೇಲೆ ಬೆರಳಾಡಿಸುತ್ತಿದ್ದರು. ಅವಳು ಕಣ್ಣು ತುಂಬಿಕೊಂಡಳು. "ಅಳಬ್ಯಾಡ, ಲೈನಿಂಗ್ ಕೆಟ್ಟೀತು" ಎಂದರು ಅತ್ತೆ.

ಚಿಕ್ಕತ್ತೆ 65ರೊಳಗಿನವರು, ಸರಕಾರದ ಲಾಡಕಿ ಬಹೀಣ ಯೋಜನೆಯ ತಿಂಗಳ 1500 ರೂಪಾಯಿ ಬರುತ್ತದೆ. ವಯಸ್ಸು ಮೀರಿದ ನಮ್ಮತ್ತೆಗೆ ಇಲ್ಲ. ಆ ಕಿಚ್ಚು ಅಕ್ಕತಂಗಿಯರ ನಡುವೆ ಸದಾ ಇದ್ದದ್ದೇ. "ಸರಕಾರದ ರೊಕ್ಕಾ ಬರತದಲ್ಲ, ಇನ್ನರ ಹೊಸಾದು ತಾ" ಎಂದು ಅಕ್ಕ ಚುಚ್ಚಿದರು. ತಂಗಿ ಸೆಟೆದುಕೊಂಡು ಚೀಲಕ್ಕೆ ಕೈಹಾಕಿ, ಹೊಚ್ಚಹೊಸ ನೀಲಿ ಖಣ ತೆಗೆದು, ಕಾಯಿಯೊಂದಿಗೆ ಸೊಸೆಯ ಉಡಿಗೆ ಹಾಕಿದರು. ಹುಡುಗಿ ಸಂಭ್ರಮದಿಂದ ಮಡಿಕೆಗೆ ಬೆರಳು ಹಚ್ಚಿದಳು.

"ಬಿಚ್ಚಬ್ಯಾಡ!" ಎಂದು ಮೂವರೂ ಒಟ್ಟಿಗೆ ಕೂಗಿದರು.

ಅತ್ತೆ ಅದನ್ನು ಅವಳ ಉಡಿಯಿಂದ ಎತ್ತಿ, ಕುಂಕುಮ ಹಚ್ಚಿ, ಮಗಳನ್ನು ಮಣೆಯ ಮೇಲೆ ಕೂಡಿಸಿದರು. ಕೊಟ್ಟವರ ಕಣ್ಣೆದುರೇ. ಚಿಕ್ಕತ್ತೆ ಅಕ್ಕಿಯ ತಟ್ಟೆ ಹಿಡಿದು ನಿಂತಿದ್ದವರು, "ಕಾಯೀನೂ ಅದನ್ನs ಹಾಕಿಬಿಡ ಅಕ್ಕಾ, ಹೊಸಾದ್ಯಾಕ ತಗೀತಿ?" ಎಂದರು.