ಹ್ಯಾಲೊಜನ್ ಮೀಮಾಂಸೆ: ಒಂದು ಪೂರ್ವಭಾವಿ ಪ್ರಸ್ತಾವನೆ

ಆವರ್ತ ಕೋಷ್ಟಕದ 17ನೇ ಗುಂಪಿನಲ್ಲಿ ವಿರಾಜಮಾನವಾಗಿರುವ ಧಾತುಗಳ ಲೌಕಿಕ ವಿನಿಯೋಗವನ್ನು ಬಹುಶಿಸ್ತೀಯ ನೆಲೆಯಲ್ಲಿ ಪರಾಮರ್ಶಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವೆಂದು ಈ ಮೂಲಕ ಉದ್ದೇಶಿಸಲಾಗಿದೆ. ವಿಚಾರ ಸಂಕಿರಣಗಳ ಸಂಪ್ರದಾಯದಂತೆ ಮೊದಲು ವರ್ಗೀಕರಣ: ಘ್ರಾಣಗ್ರಾಹ್ಯ, ಲೇಪನಯೋಗ್ಯ, ಭಕ್ಷ್ಯಾಂತರ್ಗತ ಮತ್ತು ಅಲಭ್ಯ.

ಘ್ರಾಣಗ್ರಾಹ್ಯಗಳಲ್ಲಿ ಕ್ಲೋರಿನ್ ಅಗ್ರಗಣ್ಯ. 1774ರಲ್ಲಿ ಇದನ್ನು ತಯಾರಿಸಿದ ಷೀಲೆಗೆ, ಪಾಪ, ಇದರ ಪರಮೋಪಯೋಗ ತಿಳಿದಿರಲಿಲ್ಲ. ಅರಳಿದ ಸುಣ್ಣಕ್ಕೆ ಕ್ಲೋರಿನ್ ಹಾಯಿಸಿದರೆ ಬ್ಲೀಚಿಂಗ್ ಪೌಡರ್ ಬರುತ್ತದೆ. ಆ ಪೌಡರನ್ನು ಚರಂಡಿಯ ಎರಡೂ ಬದಿಗೆ ರಂಗೋಲಿಯಂತೆ ಎಳೆದರೆ ಮಂತ್ರಿಗಳು ಬರುತ್ತಾರೆ. ಇಲ್ಲಿ ಕಾರಣ ಯಾವುದು, ಕಾರ್ಯ ಯಾವುದು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಲೇಪನಯೋಗ್ಯವೆಂದರೆ ಟಿಂಕ್ಚರ್ ಅಯೋಡಿನ್. ತರಚಿದ ಮಂಡಿಗೆ ಹಚ್ಚಿದೊಡನೆ ರೋಗಿಯ ಬಾಯಿಂದ ಹೊರಡುವ ಉದ್ಗಾರವನ್ನು ಧ್ವನಿಶಾಸ್ತ್ರಜ್ಞರಿಗೆ ಬಿಡಲಾಗಿದೆ. ಗಳಗಂಡ ಬಾರದಿರಲೆಂದು ಅದೇ ಅಯೋಡಿನ್ ಉಪ್ಪಿನ ಪ್ಯಾಕೆಟ್ಟಿನೊಳಗೂ ಕೂತಿರುವುದರಿಂದ ನಮ್ಮ ವರ್ಗೀಕರಣ ಇಲ್ಲಿಗೇ ಕುಸಿಯುತ್ತದೆ. ಕುಸಿಯಲಿ ಬಿಡಿ. ಅಲಭ್ಯವಾದ ಅಸ್ಟಟೈನ್ ಇಡೀ ಭೂಮಿಯ ಹೊರಪದರದಲ್ಲಿ ಹುಡುಕಿದರೂ ಒಂದು ಹಿಡಿಯಷ್ಟು ಸಿಗದು. ಎರಡು ಗೋಷ್ಠಿ ನಡೆಸಲು ಅಷ್ಟು ಧಾರಾಳವಾಯಿತು.

ಇನ್ನು ಫ್ಲೋರಿನ್. 'ಫ್ಲೋರೈಡಿನ ದಂತರಕ್ಷಣಾತ್ಮಕ ಆಯಾಮಗಳು' ಎಂದು ಪ್ರಬಂಧ ಓದುವವರು ಒಮ್ಮೆ ಪಾವಗಡದ ಕಡೆ ಹೋಗಿ ಬರಲಿ. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಮಾನಕ. ಬೋರ್‌ವೆಲ್ಲಿನ ನೀರಿಗೆ ಮಾನಕ ಓದಲು ಬರುವುದಿಲ್ಲ. ಬಂಡೆಯೊಳಗಿನ ಫ್ಲೋರೈಡನ್ನು ಕರಗಿಸಿಕೊಂಡು ನೇರ ಕೊಡಕ್ಕೆ ಬೀಳುತ್ತದೆ. ಮಕ್ಕಳು ನಕ್ಕರೆ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆ. ವರ್ಷಗಟ್ಟಲೆ ಅದನ್ನೇ ಕುಡಿದವರಿಗೆ ಬೆನ್ನು ಬಗ್ಗದು, ಕತ್ತು ತಿರುಗದು. ಟ್ಯಾಂಕಿಗೆ ಎಷ್ಟು ಬ್ಲೀಚಿಂಗ್ ಸುರಿದರೂ ಸಾಯುವುದು ರೋಗಾಣು, ಫ್ಲೋರೈಡ್ ಅಲ್ಲಾಡುವುದಿಲ್ಲ. ಕಾಯಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ಅಂಥ ಊರಿನಲ್ಲೂ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತಾರೆ: 'ನೀರನ್ನು ಕಾಯಿಸಿ, ಆರಿಸಿ ಕುಡಿಯಿರಿ'. ಯಾರಿಗೆ ಹೇಳುತ್ತಿದ್ದೀರಿ ಸ್ವಾಮಿ? ನಾಣ್ಯ ಹಾಕಿದರೆ ಫಿಲ್ಟರ್ ನೀರು ಕೊಡುವ ಘಟಕ ಕೆಟ್ಟರೆ ಅದಕ್ಕೆ ಬೀಗ ಬೀಳುತ್ತದೆ, ಕೇಳಿದರೆ ಅನುದಾನ ಬಂದಿಲ್ಲ. ಸಂಕಿರಣದ ಶಾಲು, ಹಾರ, ನೆನಪಿನ ಕಾಣಿಕೆಗಳ ದುಡ್ಡಿನಲ್ಲಿ ಅದರ ಮೆಂಬ್ರೇನ್ ಬದಲಿಸಬಹುದಿತ್ತು.