ಗೆಲ್ಲಬಹುದಿತ್ತು, ನಿಂತುಬಿಟ್ಟ

ಅಳಿಯನಾದವನು ಮಾವನ ಮರ್ಯಾದೆ ಕಾಯಬೇಕು ಎನ್ನುತ್ತಾರೆ. ಇಂಗ್ಲೆಂಡಿನ ನಿರ್ದೇಶಕ ಟೋನಿ ರಿಚರ್ಡ್‌ಸನ್ 1962ರಲ್ಲಿ ನಟಿ ವನೆಸಾ ರೆಡ್‌ಗ್ರೇವ್ ಅವರನ್ನು ಮದುವೆಯಾದರು. ಅದೇ ವರ್ಷ ತೆರೆಕಂಡ ‘ದಿ ಲೋನ್ಲಿನೆಸ್ ಆಫ್ ದಿ ಲಾಂಗ್ ಡಿಸ್ಟನ್ಸ್ ರನ್ನರ್’ ಚಿತ್ರದಲ್ಲಿ ಆಕೆಯ ತಂದೆ ಸರ್ ಮೈಕೇಲ್ ರೆಡ್‌ಗ್ರೇವ್ ಅವರಿಗೆ ಗೌರವದ ಪಾತ್ರವನ್ನೇ ಕೊಟ್ಟರು: ದಾರಿ ತಪ್ಪಿದ ಹುಡುಗರ ಸೆರೆಮನೆಯ ಗವರ್ನರ್. ಕೊಟ್ಟು, ಕೊನೆಯ ಕೆಲವು ನಿಮಿಷಗಳಲ್ಲಿ ನೆರೆದ ಗಣ್ಯರ ಮುಂದೆ ಆ ಗವರ್ನರನ ಮಾನ ಹರಾಜು ಹಾಕಿದರು. ಹರಾಜು ಕೂಗುವ ಕೆಲಸಕ್ಕೆ ಹಲ್ ಪಟ್ಟಣದ ಮೀನು ಬಂದರಿನ ಕೆಲಸಗಾರನೊಬ್ಬನ ಮಗನನ್ನು ಕರೆತಂದರು.

ಆ ಮಗ ಟಾಮ್ ಕೋರ್ಟ್ನಿ. ಅಂದಿನ ಲೆಕ್ಕದಲ್ಲಿ ನಾಯಕನಾಗುವ ಮುಖವೇ ಅಲ್ಲ. ಕೆನ್ನೆ ಒಳಗೆ ಹೋಗಿದೆ, ಭುಜ ಜೋತುಬಿದ್ದಿದೆ, ನಾಲ್ಕು ದಿನದಿಂದ ಊಟ ಕಂಡಿಲ್ಲವೇನೋ ಎನ್ನಿಸುವ ಮೈಕಟ್ಟು. ಪಕ್ಕದ ಮನೆಯ ಅಜ್ಜಿ ಕಂಡರೆ ಕರೆದು ಒಂದು ತಟ್ಟೆ ಉಪ್ಪಿಟ್ಟು ಹಾಕಿಕೊಡುವಂಥ ಆಕಾರ. ಆದರೆ ಆ ಮುಖದ ಮೂಲೆಯಲ್ಲಿ ಒಂದು ನಗು ಸದಾ ಅಡಗಿ ಕೂತಿರುತ್ತದೆ. ಸಿನಿಮಾ ನಿಂತಿರುವುದು ಅದರ ಮೇಲೆ.

ಕಥೆ ಬರೆದವರು ಆ್ಯಲನ್ ಸಿಲಿಟೋ. ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿ, 14ಕ್ಕೆ ಶಾಲೆ ಬಿಟ್ಟು, ರ್‍ಯಾಲೆ ಸೈಕಲ್ ಕಾರ್ಖಾನೆಯಲ್ಲಿ ದುಡಿದವರು. 1959ರ ತಮ್ಮ ಕಥೆಗೆ ಚಿತ್ರಕಥೆಯನ್ನೂ ತಾವೇ ಬರೆದರು. ಕಾರ್ಖಾನೆಯ ಬದುಕನ್ನು ದೂರದರ್ಶಕ ಹಿಡಿದು ನೋಡಿದವರ ಬರಹವಲ್ಲ ಇದು ಎಂಬುದು ಕಾಸಿನ ವಿಷಯ ಬಂದಾಗಲೆಲ್ಲ ಗೊತ್ತಾಗುತ್ತದೆ. ಕೋರ್ಟ್ನಿ ನಟಿಸಿದ ನಾಯಕ ಕಾಲಿನ್ ಸ್ಮಿತ್‌ನ ಅಪ್ಪ ಜೀವಮಾನವಿಡೀ ಕಾರ್ಖಾನೆಗೆ ದುಡಿದು ಸಾಯುತ್ತಾನೆ. ಮನೆಗೆ 500 ಪೌಂಡ್ ಬರುತ್ತದೆ. ಅಮ್ಮ ಅಂಗಡಿಗೆ ಹೊರಡುತ್ತಾಳೆ. ಬಟ್ಟೆ ಬರುತ್ತದೆ, ಟಿವಿ ಬರುತ್ತದೆ, ಅಮ್ಮನ ಹೊಸ ಗೆಳೆಯನೂ ಬಂದು ಅಪ್ಪನ ಜಾಗದಲ್ಲಿ ಕೂರುತ್ತಾನೆ. ಕಾಲಿನ್ ಒಂದು ನೋಟು ಹಿಡಿದು ಬೆಂಕಿ ಹಚ್ಚುತ್ತಾನೆ. ದುಡ್ಡಿಲ್ಲದ ಮನೆಯಲ್ಲಿ ನೋಟು ಸುಡುವುದನ್ನು ನೋಡುವಾಗ ಕುರ್ಚಿಯಲ್ಲಿ ಕೂತವರ ಕೈ ತಾನಾಗಿಯೇ ಮುಂದೆ ಚಾಚುತ್ತದೆ, ಆರಿಸಲಿಕ್ಕೆ.

ವಿಮರ್ಶಕರು ಇಂಥ ಚಿತ್ರಗಳಿಗೆ ‘ಕಿಚನ್ ಸಿಂಕ್’ ಎಂದು ಹೆಸರಿಟ್ಟರು. ಹೆಸರು ಕೇಳಿದರೇ ತೊಳೆಯದ ಪಾತ್ರೆ ನೆನಪಾಗಿ ಅರ್ಧ ಜನ ಎದ್ದು ಹೋಗುತ್ತಾರೆ. ಅನ್ಯಾಯ. ಇದು ಅಳುಮುಂಜಿ ಚಿತ್ರವಲ್ಲ. ಟಿವಿಯಲ್ಲಿ ದೊಡ್ಡ ಮನುಷ್ಯನೊಬ್ಬ ದೇಶದ ಯುವಕರಿಗೆ ಉಪದೇಶ ಬಿಗಿಯುತ್ತಿದ್ದಾನೆ. ಕಾಲಿನ್ ಮತ್ತು ಗೆಳೆಯ ಮೈಕ್ ಎದ್ದು ದನಿ ಇಳಿಸಿಬಿಡುತ್ತಾರೆ. ಅಷ್ಟೇ. ದನಿ ಕಳೆದುಕೊಂಡ ಉಪದೇಶಕ ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ, ಗಾಜಿನ ತೊಟ್ಟಿಯ ಮೀನಿನ ಹಾಗೆ. ಹುಡುಗರು ಬಿದ್ದು ಬಿದ್ದು ನಗುತ್ತಾರೆ. ಈ ಚಿತ್ರದ ಬಂಡಾಯ ಬಾವುಟ ಹಿಡಿದು ಬೀದಿಗಿಳಿಯುವುದಿಲ್ಲ, ಟಿವಿಯ ಗುಂಡಿ ತಿರುಗಿಸುತ್ತದೆ.

ಕಳ್ಳತನವೂ ಹಾಗೆಯೇ. ಇಬ್ಬರೂ ಬೇಕರಿಗೆ ನುಗ್ಗಿ ಹಣದ ಪೆಟ್ಟಿಗೆ ಎತ್ತಿಕೊಂಡು ಬರುತ್ತಾರೆ; ನೋಟುಗಳನ್ನು ಮನೆಯ ಹೊರಗಿನ ಮಳೆನೀರಿನ ಕೊಳವೆಯೊಳಗೆ ತುರುಕುತ್ತಾರೆ. ಪೊಲೀಸಿನವನು ಬರುತ್ತಾನೆ, ಕೆದಕುತ್ತಾನೆ, ಬರಿಗೈಲಿ ಹೋಗುತ್ತಾನೆ, ಮತ್ತೆ ಬರುತ್ತಾನೆ. ಕಾಲಿನ್ ಹಾಲು ಕುಡಿದ ಬೆಕ್ಕಿನಂತೆ ನಿಂತು ಉತ್ತರ ಕೊಡುತ್ತಾನೆ. ಆದರೆ ಊರು ಇಂಗ್ಲೆಂಡಿನದು, ಮಳೆಯನ್ನು ಮರೆತವನಿಗೆ ಉಳಿಗಾಲವಿಲ್ಲ. ಬಾಗಿಲಲ್ಲಿ ಪೊಲೀಸಿನವನು ನಿಂತಿರುವಾಗಲೇ ಧಾರಾಕಾರ ಸುರಿದು, ಕೊಳವೆಯ ಬಾಯಿಂದ ನೋಟುಗಳು ಒಂದೊಂದಾಗಿ ತೇಲಿ ಬರುತ್ತವೆ. ಪೊಲೀಸಿನವನ ಕೈಲಾಗದ ತನಿಖೆಯನ್ನು ಮಳೆರಾಯ ಎರಡು ನಿಮಿಷದಲ್ಲಿ ಮುಗಿಸುತ್ತಾನೆ.

ಸೀದಾ ಬೋರ್ಸ್ಟಲ್‌ಗೆ. ಕೆಂಟ್ ಪ್ರಾಂತ್ಯದ ಬೋರ್ಸ್ಟಲ್ ಎಂಬ ಹಳ್ಳಿಯ ಹೆಸರೇ ಹುಡುಗರ ಸೆರೆಮನೆಗಳಿಗೆಲ್ಲ ಅಂಟಿಕೊಂಡಿತ್ತು; 1982ರ ಕಾಯ್ದೆ ಅವನ್ನು ರದ್ದು ಮಾಡಿತು. ಈ ಗವರ್ನರನಿಗೆ ಆಟೋಟದ ಹುಚ್ಚು. ಓಡಿದರೆ ಹುಡುಗ ಸರಿಹೋಗುತ್ತಾನೆ ಎಂಬ ನಂಬಿಕೆ. ಕಾಲಿನ್ ಜಿಂಕೆಯಂತೆ ಓಡುವುದು ಕಂಡು, ಬೆಳಗಿನ ಜಾವ ಬೇಲಿಯಾಚೆ ಒಬ್ಬನೇ ಓಡುವ ಸವಲತ್ತು ಕೊಡುತ್ತಾನೆ. ಬರ್ಲಿನ್ನಿನಲ್ಲಿ ಹುಟ್ಟಿದ ವಾಲ್ಟರ್ ಲಸಾಲಿಯ ಕ್ಯಾಮೆರಾ ಇಲ್ಲಿ ಹುಡುಗನ ಜತೆಗೇ ಕಾಡಿಗೆ ಹೋಗುತ್ತದೆ. ಬೋಳು ಮರಗಳು, ಉಗಿಯಾಗುವ ಉಸಿರು, ಜಾನ್ ಅಡಿಸನ್ನರ ಜಾಸ್ ಸಂಗೀತ. ಓಡಿಹೋಗಬಹುದಾದ ಹುಡುಗ ದಿನವೂ ವಾಪಸು ಬರುತ್ತಾನೆ. ಗವರ್ನರ್ ಹಿಗ್ಗುತ್ತಾನೆ.

ನಗು ನಿಲ್ಲುವ ಜಾಗವೂ ಒಂದಿದೆ. ಹುಡುಗರನ್ನು ಸಾಲಾಗಿ ಕೂರಿಸಿ ‘ಜೆರುಸಲೆಮ್’ ಸ್ತುತಿಗೀತೆ ಹಾಡಿಸುತ್ತಿದ್ದಾರೆ. ಅದೇ ಹೊತ್ತಿಗೆ, ತಪ್ಪಿಸಿಕೊಂಡು ಸಿಕ್ಕಿಬಿದ್ದವನೊಬ್ಬನನ್ನು ಒಳಗೆ ಬಡಿಯುತ್ತಿದ್ದಾರೆ. ಹಾಡು ನಿಲ್ಲುವುದಿಲ್ಲ.

ಕುಂದಿಲ್ಲದ ಚಿತ್ರವೇನಲ್ಲ. ಅಲ್ಲಲ್ಲಿ ಪಾತ್ರಗಳನ್ನು ಗಡಬಡಿಸಿ ಓಡಿಸುವ ವೇಗದ ಚಿತ್ರಿಕೆಗಳು, ಕೊನೆಯಲ್ಲಿ ಹೆಪ್ಪುಗಟ್ಟುವ ದೃಶ್ಯ, ಇವೆಲ್ಲ ಫ್ರಾನ್ಸಿನ ಹೊಸ ಅಲೆಯವರಿಂದ ತಂದ ಕಡ; ತ್ರುಫೋನ 1959ರ ‘400 ಬ್ಲೋಸ್’ ನೋಡಿದವರಿಗೆ ಸಾಲದ ಚೀಟಿಯೇ ಕಾಣುತ್ತದೆ. ಆದರೂ ಓಟದ ದಿನ ಬಂದಾಗ ಇದ್ಯಾವುದೂ ನೆನಪಿರುವುದಿಲ್ಲ.

ಎದುರಾಳಿಗಳು ಪಬ್ಲಿಕ್ ಸ್ಕೂಲಿನವರು. ಇಂಗ್ಲೆಂಡಿನ ಪಬ್ಲಿಕ್ ಸ್ಕೂಲು ವಿಚಿತ್ರ ವಸ್ತು, ಪಬ್ಲಿಕ್ಕಿಗೊಂದು ಬಿಟ್ಟು ಉಳಿದವರಿಗೆಲ್ಲ ಪ್ರವೇಶ. ಆ ಶಾಲೆಯ ಓಟಗಾರನಾಗಿ ನಟಿಸಿದ ಜೇಮ್ಸ್ ಫಾಕ್ಸ್ ನಿಜವಾಗಿಯೂ ಹ್ಯಾರೋ ಶಾಲೆಯಲ್ಲಿ ಓದಿದವರು, ಹಾಗಾಗಿ ಆ ಗತ್ತನ್ನು ಕಲಿಯಬೇಕಾಗಿ ಬರಲಿಲ್ಲ. ಕಾಲಿನ್ ಎಲ್ಲರನ್ನೂ ಹಿಂದೆ ಹಾಕಿ ಒಬ್ಬನೇ ಬರುತ್ತಾನೆ. ಗವರ್ನರ್ ಎದೆಯುಬ್ಬಿಸಿ ನಿಂತಿದ್ದಾನೆ. ಗೆರೆ ಕಣ್ಣೆದುರಿಗಿದೆ. ಹುಡುಗ ನಿಂತುಬಿಡುತ್ತಾನೆ. ಕಿರುಚಾಟ. ‘ಓಡೋ ಮಾರಾಯಾ’ ಎಂದು ನೋಡುವವರೂ ಕಿರುಚುತ್ತಾರೆ. ಅವನು ಗವರ್ನರನ ಮುಖ ನೋಡಿ, ಇಷ್ಟು ಹೊತ್ತು ಅಡಗಿಸಿಟ್ಟಿದ್ದ ಆ ನಗುವನ್ನು ಹೊರಗೆ ಬಿಡುತ್ತಾನೆ. ಪಬ್ಲಿಕ್ ಸ್ಕೂಲಿನ ಹುಡುಗ ಪಕ್ಕದಿಂದ ಹಾದು ಗೆಲ್ಲುತ್ತಾನೆ. ಕೈಗೆ ಬಂದ ತುತ್ತನ್ನು ಇಷ್ಟು ಸಂತೋಷದಿಂದ ಕೆಳಗಿಟ್ಟವರು ಸಿನಿಮಾದಲ್ಲಿ ಕಡಿಮೆ.

ಆ ವರ್ಷದ ಭರವಸೆಯ ಹೊಸ ನಟನೆಂದು ಬ್ರಿಟಿಷ್ ಅಕಾಡೆಮಿ ಕೋರ್ಟ್ನಿಗೆ ಪ್ರಶಸ್ತಿ ಕೊಟ್ಟಿತು. 2001ರಲ್ಲಿ ಅವರೂ ಮೈಕೇಲ್ ರೆಡ್‌ಗ್ರೇವ್‌ರಂತೆ ‘ಸರ್’ ಆದರು. ಚಿತ್ರ ಕಪ್ಪುಬಿಳುಪಿನದು, 104 ನಿಮಿಷದ್ದು. ನೋಡುವವರಿಗೆ ಒಂದೇ ಬಿನ್ನಹ: ಓಟ ಮುಗಿಯಿತೆಂದು ಕಾಫಿಗೆ ಏಳಬೇಡಿ, ಬೋರ್ಸ್ಟಲ್ ಹುಡುಗರು ಗ್ಯಾಸ್ ಮಾಸ್ಕ್ ಬಿಚ್ಚುವ ಕೆಲಸದ ಕೋಣೆಗೆ ಹುಡುಗ ವಾಪಸು ಬರುವುದು ಅದಾದ ಮೇಲೆ.