ರಸೀದಿ ಕೊಟ್ರಂತಾ?

ನಮ್ಮ ಸೋದರತ್ತೆಗೆ ಎಂಬತ್ತಾರು ವರ್ಷ. ಮೈಸೂರಿನ ಸರಸ್ವತೀಪುರದ ಮನೆಯ ಪಡಸಾಲೆಯಲ್ಲಿ ಅವರೆಕಾಳು ಹಿತುಕುತ್ತಾ ಕೂತರೆ, ಪ್ರಪಂಚದ ಎಂಥಾ ಹಗರಣವನ್ನೂ ಎರಡೇ ಪ್ರಶ್ನೆಯಲ್ಲಿ ಸಿಪ್ಪೆ ಬಿಡಿಸಿಬಿಡುತ್ತಾರೆ. ಮೊದಲನೆಯದು “ಎಷ್ಟು?” ಎರಡನೆಯದು “ರಸೀದಿ ಕೊಟ್ರಂತಾ?”

ಮೊನ್ನೆ ಅಮೆರಿಕದಿಂದ ಅವರ ಮಗ ಫೋನ್ ಮಾಡಿದ್ದ. ಅವನ ಮಗಳಿಗೆ ಬರುವ ವರ್ಷ ಕಾಲೇಜು. ಅದಕ್ಕಾಗಿ ಬೆಳಗಿನ ಜಾವ ಐದಕ್ಕೆದ್ದು ದೋಣಿಯ ಹುಟ್ಟು ಹಾಕಲು ಕಲಿಯುತ್ತಿದ್ದಾಳಂತೆ. ಫೋನಿಟ್ಟ ಅತ್ತೆ ನನ್ನತ್ತ ತಿರುಗಿ, “ಅಲ್ವೋ, ಹುಟ್ಟು ಹಾಕೋದಕ್ಕೂ ಓದೋದಕ್ಕೂ ಏನೋ ಸಂಬಂಧ? ಶ್ರೀರಂಗಪಟ್ಟಣದ ತೆಪ್ಪದೋರು ಯಾರೂ ಡಾಕ್ಟರಾಗಿದ್ದು ನಾ ಕಾಣೆ” ಎಂದರು. ರಿಕ್ ಸಿಂಗರನ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ನನಗೆಲ್ಲಿ ಸಿಗಬೇಕು?

“ಸಿಂಗರ್ ಅಂದ್ರೆ, ಹೊಲಿಗೆ ಮೆಷಿನ್ನಿನವನಾ?”

ಅಲ್ಲ ಅಂದೆ. ಆಮೇಲೆ ಹೌದಲ್ಲ ಅನ್ನಿಸಿತು. ಕ್ಯಾಲಿಫೋರ್ನಿಯಾದ ಈ ಮಹಾಶಯ ಸಿರಿವಂತರ ಮಕ್ಕಳ ಅಳತೆ ತೆಗೆದು, ಅವರಿಗೊಪ್ಪುವ ಅರ್ಜಿ ಹೊಲಿದುಕೊಡುತ್ತಿದ್ದ. ಅಂಕ ಕಮ್ಮಿಯೋ, ಅವನದೇ ಒಬ್ಬ ಬುದ್ಧಿವಂತ ಪರೀಕ್ಷೆ ಬರೆಯುತ್ತಿದ್ದ, ಇಲ್ಲವೇ ಹುಡುಗ ಬರೆದದ್ದನ್ನು ತಿದ್ದುತ್ತಿದ್ದ. ಆ ಬುದ್ಧಿವಂತ ಸ್ವತಃ ಹಾರ್ವರ್ಡಿನಲ್ಲಿ ಓದಿದವನು. ಒಂದು ಪರೀಕ್ಷೆಗೆ ಸುಮಾರು 10,000 ಡಾಲರ್ ಕೂಲಿ. ನೂರಕ್ಕೆ ನೂರು ತೆಗೆದು ಅನುಮಾನ ತರಿಸುತ್ತಿರಲಿಲ್ಲ, ಎಷ್ಟು ಬೇಕೋ ಅಷ್ಟೇ. ಅಡುಗೆಯವನಿಗೆ ಉಪ್ಪಿನ ಹದ ಗೊತ್ತಿರುತ್ತದಲ್ಲ, ಹಾಗೆ.

ಅಂಕಕ್ಕಿಂತ ಮಜಾ ಆಟದ ಕೋಟಾದ್ದು. ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಕೋಚ್ ‘ಈ ಮಗು ನನ್ನ ತಂಡಕ್ಕೆ ಬೇಕು’ ಎಂದರೆ ಅರ್ಧ ಸೀಟು ಸಿಕ್ಕಂತೆ. ಸಿಂಗರ್ ಕೋಚುಗಳನ್ನೇ ಕೊಂಡ. ಲೋರಿ ಲಾಫ್ಲಿನ್ ಎಂಬ ಟೀವಿ ನಟಿ, ಅವಳ ಗಂಡ ಇಬ್ಬರೂ ಸೇರಿ ಹೆಣ್ಣುಮಕ್ಕಳಿಬ್ಬರನ್ನು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿಸಲು 5 ಲಕ್ಷ ಡಾಲರ್ ಸುರಿದರು. ಮಕ್ಕಳು ದೋಣಿ ತಂಡದವರು ಅಂತ ಲೆಕ್ಕ. ನೀರಿಲ್ಲ, ದೋಣಿಯಿಲ್ಲ, ಹುಟ್ಟು ಹಾಕುವ ಕಸರತ್ತಿನ ಯಂತ್ರದ ಮೇಲೆ ಕೂರಿಸಿ ಫೋಟೋ ಹಿಡಿದು ಕಳಿಸಿದ್ದರು. ಇನ್ನೊಬ್ಬ ತಂದೆ ಮಗನಿಗೆ ವಾಟರ್ ಪೋಲೋ ಸಾಮಾನು ತರಿಸಿ, ಮನೆಯ ಈಜುಕೊಳದಲ್ಲಿ ಇಳಿಸಿ, ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಿಸಿದ.

“ನಮ್ಮ ಮದುವೆ ಫೋಟೋದಲ್ಲಿ ಹಿಂದೆ ತಾಜಮಹಲ್ ಇಟ್ಟಿದ್ರಲ್ಲ, ಹಂಗೆ” ಎಂದರು ಅತ್ತೆ. “ಇರಲಿ, ಎಷ್ಟು?”

2011ರಿಂದ ಸಿಂಗರ್ ಕೈಗೆ ಬಂದದ್ದು ಎರಡೂವರೆ ಕೋಟಿ ಡಾಲರಿಗೂ ಮೇಲೆ ಎಂದೆ.

“ರಸೀದಿ ಕೊಟ್ರಂತಾ?”

ಕೊಟ್ಟಿದ್ದರು! ಇಡೀ ಪುರಾಣದಲ್ಲಿ ನನಗೆ ರೋಮಾಂಚನವಾಗುವ ಅಧ್ಯಾಯ ಇದೇ. ಸಿಂಗರ್ ಒಂದು ಧರ್ಮಸಂಸ್ಥೆ ಕಟ್ಟಿದ್ದ. ಲಂಚವೆಲ್ಲ ಅದಕ್ಕೆ ದಾನ. ಬಡಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾದಿರಿ, ಇದಕ್ಕೆ ಪ್ರತಿಯಾಗಿ ನಿಮಗೆ ಏನನ್ನೂ ಕೊಟ್ಟಿಲ್ಲ ಎಂಬ ಒಕ್ಕಣೆಯ ಪತ್ರ ಮನೆಗೆ ಬರುತ್ತಿತ್ತು. ಅದನ್ನು ತೋರಿಸಿ ಕೆಲವರು ಆದಾಯ ತೆರಿಗೆಯಲ್ಲೂ ವಿನಾಯಿತಿ ಪಡೆದರು. ಅಂದರೆ ಸೀಟಿಗೆ ಸೀಟು, ಪುಣ್ಯಕ್ಕೆ ಪುಣ್ಯ, ಮೇಲೆ ಡಿಸ್ಕೌಂಟು.

ಕೊನೆಗೆ ಕುತ್ತಿಗೆಗೆ ಬಂದದ್ದೂ ಅದೇ ರಸೀದಿ. ಬೇರೊಂದು ಷೇರು ಮೋಸದಲ್ಲಿ ಸಿಕ್ಕಿಬಿದ್ದವನು ತನ್ನ ಶಿಕ್ಷೆ ತಗ್ಗಲೆಂದು ಯೇಲ್‌ನ ಫುಟ್‌ಬಾಲ್ ಕೋಚಿನ ಹೆಸರು ಹೇಳಿದ, ಕೋಚ್ ಸಿಂಗರನ ಹೆಸರು ಹೇಳಿದ, ಸಿಂಗರ್ ಎಲ್ಲರದೂ ಹೇಳಲು ಒಪ್ಪಿದ. ಎಫ್‌ಬಿಐ ಕೇಳಿಸಿಕೊಳ್ಳುತ್ತಿರುವಾಗಲೇ ಒಬ್ಬೊಬ್ಬರಿಗೂ ಫೋನ್ ಮಾಡಿದ: ತೆರಿಗೆಯವರು ನನ್ನ ಸಂಸ್ಥೆಯ ಲೆಕ್ಕ ನೋಡ್ತಿದ್ದಾರೆ, ನಿಮ್ಮ ದುಡ್ಡು ಬಡಮಕ್ಕಳಿಗೆ ಅಂತಲೇ ಹೇಳ್ತೀನಿ, ಆಯ್ತಲ್ಲ? ಆಯ್ತು, ಆಯ್ತು ಎಂದರು ತಂದೆತಾಯಂದಿರು. ಟೇಪು ಸುತ್ತುತ್ತಿತ್ತು. 2019ರ ಮಾರ್ಚಿನಲ್ಲಿ ಸುಮಾರು ಐವತ್ತು ಮಂದಿಯ ಮೇಲೆ ಕೇಸು ಬಿತ್ತು. ನಟಿಗೆ ಎರಡು ತಿಂಗಳು, ಗಂಡನಿಗೆ ಐದು. ಸಿಂಗರನಿಗೆ 2023ರಲ್ಲಿ ಮೂರೂವರೆ ವರ್ಷ.

ಅವನದೊಂದು ಬಾಗಿಲು ಸಿದ್ಧಾಂತವಿತ್ತು. ಓದಿ ಹೋಗುವವರದು ಹೆಬ್ಬಾಗಿಲು. ವಿಶ್ವವಿದ್ಯಾಲಯಕ್ಕೇ ದೊಡ್ಡ ದಾನ ಕೊಟ್ಟು ನುಸುಳುವವರದು ಹಿತ್ತಿಲ ಬಾಗಿಲು, ಆದರೆ ಅಲ್ಲಿ ಹತ್ತುಪಟ್ಟು ಖರ್ಚು, ಸೀಟಿನ ಖಾತರಿಯೂ ಇಲ್ಲ. ಅದಕ್ಕೇ ತಾನು ಪಕ್ಕದ ಬಾಗಿಲು ತೆಗೆದೆ ಎನ್ನುತ್ತಿದ್ದ. ಜೈಲಿಗೆ ಹೋದವರೆಲ್ಲ ಪಕ್ಕದ ಬಾಗಿಲಿನವರು ಎಂಬುದನ್ನು ಗಮನಿಸಬೇಕು. ಹಿತ್ತಿಲ ಬಾಗಿಲಿನವರ ಹೆಸರು ಕಟ್ಟಡದ ಹಣೆಯ ಮೇಲಿರುತ್ತದೆ. ಕಟ್ಟಡಗಳ ಕುಳ ಚಾರ್ಲ್ಸ್ ಕುಶ್ನರ್ 1998ರಲ್ಲಿ ಹಾರ್ವರ್ಡಿಗೆ 25 ಲಕ್ಷ ಡಾಲರ್ ಕೊಡುವುದಾಗಿ ಒಪ್ಪಿಕೊಂಡರು; ಸ್ವಲ್ಪದರಲ್ಲೇ ಮಗ ಜ್ಯಾರೆಡ್ ಅಲ್ಲಿಗೆ ಆಯ್ಕೆಯಾದ. ಎರಡಕ್ಕೂ ಸಂಬಂಧವಿಲ್ಲ ಎಂದಿತು ಕುಟುಂಬ. ಇರಲಿಕ್ಕಿಲ್ಲ, ಬಿಡಿ. ದುಡ್ಡೂ ಬೇಡದ ಇನ್ನೊಂದು ದಾರಿಯಿದೆ: ಅಪ್ಪ ಅದೇ ಕಾಲೇಜಿನಲ್ಲಿ ಓದಿದ್ದರೆ ಸಾಕು. ಕೋರ್ಟಿನಲ್ಲಿ ಹೊರಬಿದ್ದ ಹಾರ್ವರ್ಡಿನ ಲೆಕ್ಕದಲ್ಲಿ ಅಂಥ ಮಕ್ಕಳು ನೂರಕ್ಕೆ ಸುಮಾರು 33 ಮಂದಿ ಒಳಗೆ. ಎಲ್ಲರನ್ನೂ ಸೇರಿಸಿದರೆ ನೂರಕ್ಕೆ ಆರು. ಕ್ಯಾಲಿಫೋರ್ನಿಯಾ 2024ರಲ್ಲಿ ಇದಕ್ಕೂ, ದಾನಿಗಳ ಮಕ್ಕಳ ರಿಯಾಯಿತಿಗೂ ಕಾನೂನಿನ ಅಗುಳಿ ಹಾಕಿತು.

“ಚಾಮುಂಡಿ ಬೆಟ್ಟದಲ್ಲಿ ವಿಶೇಷ ದರ್ಶನದ ಟಿಕೆಟ್ ತಗೊಂಡು ಹೋದ್ರೆ ಭಕ್ತರು. ಅರ್ಚಕರ ಕೈಯಲ್ಲಿ ನೋಟು ತುರುಕಿದ್ರೆ ಮಾತ್ರ ಕಳ್ಳರು. ಧರ್ಮದರ್ಶನದ ಕ್ಯೂನಲ್ಲಿರೋನಿಗೆ ಮುಂದೆ ಹೋದೋರು ಇಬ್ರೂ ಒಂದೇ” ಎಂದರು ಅತ್ತೆ.

ಸ್ಟ್ಯಾನ್‌ಫರ್ಡಿನ ಹಾಯಿದೋಣಿ ಕೋಚಿನ ಸಂಗತಿ ಹೇಳಿದೆ. ಸಿಂಗರ್ ಕೊಟ್ಟ ಹಣದಲ್ಲಿ ಒಂದು ಕಾಸೂ ಜೇಬಿಗಿಳಿಸದೆ ಎಲ್ಲವನ್ನೂ ತಂಡದ ಖಾತೆಗೇ ಹಾಕಿದ್ದ. ಕೆಲಸ ಹೋಯಿತು, ತಪ್ಪೊಪ್ಪಿಕೊಂಡ. ನ್ಯಾಯಾಧೀಶರು ಕೊಟ್ಟ ಜೈಲು ಒಂದೇ ದಿನದ್ದು, ಅದೂ ಆಗಲೇ ಕಳೆದಿತ್ತು. “ಪಾಪ, ಹುಂಡಿಗೇ ಹಾಕಿದಾನೆ” ಎಂದು ಅತ್ತೆ ಲೊಚಗುಟ್ಟಿದರು. ಆದರೂ ಆ ಸಿರಿವಂತರ ಮೇಲೆ ಅವರಿಗೆ ಕರುಣೆ ಬರಲಿಲ್ಲ. “ಅಷ್ಟು ದುಡ್ಡಿಟ್ಕೊಂಡು ಸೊಪ್ಪಿನವಳ ಹತ್ರ ಚೌಕಾಸಿ ಮಾಡ್ದಂಗೆ ಮಾಡಿದಾರೆ. ಹಿತ್ತಿಲ ಬಾಗಿಲಿಗೇ ಕೊಟ್ಟಿದ್ರೆ ಸನ್ಮಾನ ಆಗ್ತಿತ್ತು.”

ನಾನು ನಗುತ್ತಾ, “ಅತ್ತೆ, ನಮ್ಮ ಭಾವನ ಇಂಜಿನಿಯರಿಂಗ್ ಸೀಟು ಯಾವ ಬಾಗಿಲಿಂದು?” ಎಂದೆ.

ಅವರೆಕಾಳು ಹಿತುಕುವ ಕೈ ನಿಂತಿತು. ಅದು 1985. ಕರ್ನಾಟಕದಲ್ಲಿ ಕ್ಯಾಪಿಟೇಷನ್ ನಿಷೇಧದ ಕಾಯಿದೆ ಬಂದು ವರ್ಷವಾಗಿತ್ತು. ಸಿಇಟಿ ಹುಟ್ಟಿರಲಿಲ್ಲ. ಮಾವ ಒಂದು ಸೈಟು ಮಾರಿ, ಮೂವತ್ತೈದು ಸಾವಿರವನ್ನು ಹಾರ್ಲಿಕ್ಸ್ ಡಬ್ಬದ ಪೆಟ್ಟಿಗೆಯಲ್ಲಿಟ್ಟುಕೊಂಡು ಕೆಂಪು ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದಿದ್ದರು. “ಕಾಯಿದೆ ಬರೋ ಮುಂಚೆ ಕಟ್ಟಡ ನಿಧಿ ಅಂತಾದ್ರೂ ಚೀಟಿ ಕೊಡ್ತಿದ್ರಂತೆ ಕಣೋ. ಕಾಯಿದೆ ಬಂತು, ಚೀಟಿ ಹೋಯ್ತು” ಎಂದರು.

ಹಾಗಾದರೆ ಮನೆಯ ಲೆಕ್ಕದಲ್ಲಿ? ಮಾವ ದಿನದಿನವೂ ಹಾಲು, ಸೀಮೆಎಣ್ಣೆ, ಹಜಾಮತಿ ಎಲ್ಲ ಬರೆದಿಡುತ್ತಿದ್ದವರು. ಅತ್ತೆ ಎದ್ದು ಒಳಗೆ ಹೋಗಿ, ಟ್ರಂಕಿನ ತಳದಿಂದ ಕೆಂಪು ರಟ್ಟಿನ ಪುಸ್ತಕ ತಂದು ನನ್ನ ಮುಂದೆ ಹಾಕಿ ಮತ್ತೆ ಕಾಳಿಗೆ ಕೂತರು. ಆಷಾಢದ ಪುಟ. ದುಂಡಗಿನ ಅಕ್ಷರ. ಹಾಲು 42 ರೂಪಾಯಿ. ಸೀಮೆಎಣ್ಣೆ 11. ಅದರ ಕೆಳಗೆ: ದೇವರ ಕಾರ್ಯಕ್ಕೆ, 35,000.